ಉದ್ದ ಪ್ರಾರ್ಥನೆ ನನ್ನದು, ನಿದ್ದೆಗೆಟ್ಟಿದ್ದು ಅವರು

ಆ ಸಂಜೆ ಪ್ರಾರ್ಥನಾ ಕೂಟದಲ್ಲಿ ನಾನು ಬಹಳ ಚೆನ್ನಾಗಿ ಪ್ರಾರ್ಥನೆ ಮಾಡಿದೆ. ಹಾಗಂತ ನನಗೆ ಅನ್ನಿಸಿತ್ತು, ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ. ನಮ್ಮ ಸಭೆಯ ಒಬ್ಬ ಹಿರಿಯರು ಹಾಸಿಗೆ ಹಿಡಿದಿದ್ದರು. ಅವರಿಗಾಗಿ ಬೇಡಿಕೊಳ್ಳಿ ಅಂತ ಪಾಸ್ಟರ್ ನನ್ನ ಕಡೆ ನೋಡಿದರು. ನಾನು ಶುರು ಮಾಡಿದೆ. ಯೆಶಾಯ 53 ಬಂತು, ಕೀರ್ತನೆ 103 ಬಂತು, ಹನ್ನೆರಡು ವರ್ಷದಿಂದ ನರಳುತ್ತಿದ್ದ ಹೆಂಗಸು ಯೇಸುಸ್ವಾಮಿಯ ಉಡುಪಿನ ಅಂಚು ಮುಟ್ಟಿದ್ದು ಬಂತು. ದನಿ ಏರಬೇಕಾದ ಕಡೆ ಏರಿತು, ಇಳಿಯಬೇಕಾದ ಕಡೆ ಇಳಿಯಿತು. ನಡುನಡುವೆ ಜನ ಆಮೆನ್, ಸ್ತೋತ್ರ ಅಂದಿದ್ದೂ ಕೇಳಿಸಿತು. ಕಣ್ಣು ಮುಚ್ಚಿದ್ದೆ, ಕಿವಿ ಮುಚ್ಚಿರಲಿಲ್ಲ ನೋಡಿ.

ನನ್ನ ನಂತರ ಮೂಲೆಯಲ್ಲಿ ಕೂತಿದ್ದ ಒಬ್ಬ ಆಂಟಿ ಬಾಯಿ ತೆರೆದರು. ಅವರು ಕೂಟದಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವುದೇ ಅಪರೂಪ. "ಕರ್ತನೇ, ಅಣ್ಣಾವ್ರು ನಿದ್ದೆ ಮಾಡಿ ಮೂರು ರಾತ್ರಿ ಆಯ್ತು. ಬೆನ್ನಿನ ಹುಣ್ಣು ಉರಿಯುತ್ತೆ ಅಂತ ಅಳ್ತಾರೆ. ಇವತ್ತೊಂದು ರಾತ್ರಿ ನಿದ್ದೆ ಕೊಡಪ್ಪಾ. ಆಮೆನ್."

ಅಷ್ಟೇ.

ನನಗೆ ಬೆನ್ನಿನ ಹುಣ್ಣಿನ ವಿಷಯ ಗೊತ್ತಿರಲಿಲ್ಲ. ಅವರು ನಿದ್ದೆ ಮಾಡುತ್ತಿಲ್ಲ ಅನ್ನುವುದೂ ಗೊತ್ತಿರಲಿಲ್ಲ. ನಿಜ ಹೇಳಬೇಕು ಅಂದರೆ ಅವರಿಗೆ ಏನು ಕಾಯಿಲೆ ಅಂತಲೇ ನಾನು ವಿಚಾರಿಸಿರಲಿಲ್ಲ. ಯಾವ ಕಾಯಿಲೆಗೆ ಬೇಕಾದರೂ ಹೊಂದುವಂಥ ಪ್ರಾರ್ಥನೆಯನ್ನು ಮಾಡಿ ಮುಗಿಸಿದ್ದೆ. ಆಂಟಿಗೆ ಇದೆಲ್ಲ ಹೇಗೆ ಗೊತ್ತು ಅನ್ನುವುದು ಎರಡು ದಿನ ಬಿಟ್ಟು ತಿಳಿಯಿತು, ಅದೂ ಅವರಿಂದ ಅಲ್ಲ. ಆ ಹಿರಿಯರ ಹೆಂಡತಿಗೂ ವಯಸ್ಸಾಗಿದೆ, ಅವರು ಸ್ವಲ್ಪ ಹೊತ್ತು ಮಲಗಲಿ ಅಂತ ಆಂಟಿ ಮೂರು ರಾತ್ರಿಯೂ ಹೋಗಿ ಹಾಸಿಗೆ ಪಕ್ಕ ಕೂತಿದ್ದರು.

ಆಮೇಲೆ ಮಾರ್ಕ 2 ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಹೊತ್ತು ತರುತ್ತಾರಲ್ಲ, ಗುಂಪಿನಿಂದಾಗಿ ಒಳಗೆ ಹೋಗಲು ಆಗದೆ ಮಾಳಿಗೆಯನ್ನೇ ಬಿಚ್ಚಿ ಹಾಸಿಗೆ ಇಳಿಸುತ್ತಾರಲ್ಲ, ಆ ನಾಲ್ವರು ಒಂದೇ ಒಂದು ಮಾತಾಡಿದ್ದೂ ಅಲ್ಲಿ ಬರೆದಿಲ್ಲ. ಯೇಸುಸ್ವಾಮಿ ಅವರ ನಂಬಿಕೆಯನ್ನು ನೋಡಿದರು ಅಂತಿದೆ. ಕೇಳಿದರು ಅಂತಲ್ಲ, ನೋಡಿದರು ಅಂತ. ಈ ಭಾಗದ ಮೇಲೆ ನಾನೇ ಎರಡು ಸಲ ಪ್ರಸಂಗ ಮಾಡಿದ್ದೆ. ಆಗ ಇದು ಯಾಕೆ ಕಾಣಲಿಲ್ಲವೋ!

ಇದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು. ಮುಂದಿನ ವಾರ ಆಂಟಿ ಸಿಕ್ಕಾಗ, ನಿಮ್ಮ ಪ್ರಾರ್ಥನೆ ಬಹಳ ಹಿಡಿಸಿತು ಅಂದೆ. ಅವರು ನಕ್ಕು, "ಅಯ್ಯೋ, ನಂಗೆಲ್ಲಿ ಬರುತ್ತೆ ಬ್ರದರ್, ನೀವು ಎಷ್ಟು ಚೆನ್ನಾಗಿ ಮಾಡ್ತೀರ, ನೀವು ಪ್ರಾರ್ಥನೆ ಮಾಡಿದ್ರೆ ಕೇಳ್ತಾನೇ ಇರಬೇಕು ಅನ್ಸುತ್ತೆ" ಅಂದರು. ಅದರಲ್ಲಿ ಕುಹಕ ಇರಲಿಲ್ಲ. ಮನಸಾರೆ ಹೇಳಿದ್ದರು. ಫಿಲಿಪ್ಪಿ 2:3ರಲ್ಲಿ ಮತ್ತೊಬ್ಬರನ್ನು ತನಗಿಂತಲೂ ಶ್ರೇಷ್ಠರೆಂದು ಎಣಿಸಬೇಕು ಅಂತ ಇದೆ. ಹಾಗೆ ಎಣಿಸುವವರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಣಿಸಿದ್ದು ನನ್ನನ್ನು ಅನ್ನುವುದೇ ನಾಚಿಕೆ.

ನಮ್ಮ ಸಭೆಗಳಲ್ಲಿ ದೀನತೆಗೆ ಒಂದು ಭಾಷೆಯೇ ಇದೆ. ಹಾಡು ಚೆನ್ನಾಗಿತ್ತು ಅಂದರೆ "ನಾನೇನೂ ಅಲ್ಲ ಬ್ರದರ್, ಎಲ್ಲ ಕರ್ತನೇ". ಪ್ರಸಂಗ ಚೆನ್ನಾಗಿತ್ತು ಅಂದರೆ "ನಾನು ಬರೀ ಪಾತ್ರೆ ಅಷ್ಟೇ". ನಾನೂ ಹೇಳುತ್ತೇನೆ. ಹೇಳಿ ಒಂದು ಕ್ಷಣ ಕಾಯುತ್ತೇನೆ, ಇನ್ನೊಂದು ಸಲ ಹೊಗಳಲಿ ಅಂತ. ತನ್ನನ್ನು ತಗ್ಗಿಸಿಕೊಳ್ಳುವವನು ಹೆಚ್ಚಿಸಲ್ಪಡುವನು ಅನ್ನುವ ಲೂಕ 18ರ ಮಾತನ್ನು ಫಿಕ್ಸೆಡ್ ಡೆಪಾಸಿಟ್ ಥರ ಓದಿದವರು ನಾವು. ಈಗ ಒಂದಿಷ್ಟು ತಗ್ಗಿದರೆ ಮುಂದೆ ಬಡ್ಡಿ ಸಮೇತ ಬರುತ್ತೆ ಅಲ್ವಾ! ಅದೇ ಅಧ್ಯಾಯದ ಸಾಮ್ಯದಲ್ಲಿ ಧರ್ಮನಿಷ್ಠ ಫರಿಸಾಯನೊಬ್ಬ ತನ್ನ ಒಳ್ಳೆಯತನವನ್ನೇ ಹೇಳಿಕೊಂಡು ಪ್ರಾರ್ಥಿಸುತ್ತಾನೆ. ಸುಂಕದವನು ಮಾತ್ರ ದೂರದಲ್ಲಿ ನಿಂತಿದ್ದ. ಪಾಪಿಯಾದ ನನ್ನನ್ನು ಕರುಣಿಸು ಅಂದು ಮನೆಗೆ ಹೋದ. ತಾನು ಫರಿಸಾಯನಿಗಿಂತ ವಾಸಿ ಅನ್ನುವುದು ಅವನಿಗೆ ಗೊತ್ತಾಯಿತು ಅಂತ ಎಲ್ಲೂ ಬರೆದಿಲ್ಲ.

ಇನ್ನು ಕುದುರೆಯ ಕಥೆ ಹೇಳಲೇಬೇಕು.

ಸತ್ಯವೇದ ಅಧ್ಯಯನದಲ್ಲಿ ಪೌಲನ ಮಾರ್ಪಾಟಿನ ಬಗ್ಗೆ ನಾನು ಹೇಳುತ್ತಿದ್ದೆ. ದಮಸ್ಕದ ದಾರಿ, ಆಕಾಶದ ಬೆಳಕು, ಸೌಲ (ಪೌಲನ ಇನ್ನೊಂದು ಹೆಸರು) ಕುದುರೆಯಿಂದ ದೊಪ್ಪನೆ ಬಿದ್ದದ್ದು. ಅಹಂಕಾರದ ಕುದುರೆಯಿಂದ ದೇವರು ನಮ್ಮನ್ನೂ ಹೀಗೇ ಕೆಡವುತ್ತಾನೆ ಅಂತ ಒಂದು ಸೊಗಸಾದ ಅನ್ವಯವನ್ನೂ ಸೇರಿಸಿದೆ. ಮುಗಿದ ಮೇಲೆ ಎಲ್ಲರೂ ಹೊರಟರು. ದೀಕ್ಷಾಸ್ನಾನ ತೆಗೆದುಕೊಂಡು ಇನ್ನೂ ಆರು ತಿಂಗಳಾಗದ ಒಬ್ಬ ಹುಡುಗ ಮಾತ್ರ ಚಪ್ಪಲಿ ಬಿಡುವ ಜಾಗದಲ್ಲಿ ಕಾಯುತ್ತಾ ನಿಂತಿದ್ದ. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, "ಅಣ್ಣಾ, ಆ ಕುದುರೆ ಯಾವ ವಚನದಲ್ಲಿದೆ? ನನಗೆ ಸಿಗಲಿಲ್ಲ" ಅಂದ.

ಸರಿಯಾಗಿ ಓದು, ಸಿಗುತ್ತೆ ಅಂದೆ. ದನಿ ಸ್ವಲ್ಪ ಗಡುಸಾಗಿತ್ತು. ಮನೆಗೆ ಬಂದು ಅಪೊಸ್ತಲರ ಕೃತ್ಯಗಳು 9 ತೆಗೆದೆ. ಕುದುರೆ ಇಲ್ಲ. ಅದೇ ಸಂಗತಿಯನ್ನು ಪೌಲ ತಾನೇ ಮತ್ತೆ ಹೇಳುವ 22ನೇ ಅಧ್ಯಾಯ ನೋಡಿದೆ, 26 ನೋಡಿದೆ. ಅಲ್ಲೂ ಇಲ್ಲ. ಬೆಳಕಿದೆ, ಧ್ವನಿ ಇದೆ, ನೆಲಕ್ಕೆ ಬಿದ್ದದ್ದು ಇದೆ. ಬಿದ್ದ ಮೇಲೆ ಜೊತೆಯಲ್ಲಿದ್ದವರು ಕೈಹಿಡಿದು ದಮಸ್ಕಕ್ಕೆ ಕರೆದುಕೊಂಡು ಹೋದರು ಅಂತಿದೆ. ಕುದುರೆ ಇರುವುದು ಚಿತ್ರಗಳಲ್ಲಿ. ಯಾವುದೋ ಪಟ ನೋಡಿ ತಲೆಯಲ್ಲಿ ಉಳಿದಿದ್ದ ಕುದುರೆಯ ಮೇಲೆ ನಾನು ಇಷ್ಟು ವರ್ಷ ಸವಾರಿ ಮಾಡಿದ್ದೆ.

ಅವನು ಎಲ್ಲರ ಎದುರೇ ಕೈ ಎತ್ತಿ ಕೇಳಬಹುದಿತ್ತು. ಅವನ ವಯಸ್ಸಿನಲ್ಲಿ ನಾನಾಗಿದ್ದರೆ ಖಂಡಿತ ಕೇಳುತ್ತಿದ್ದೆ, ಕೇಳಿ ಸುತ್ತಲೂ ಒಂದು ಸಲ ನೋಡುತ್ತಲೂ ಇದ್ದೆ. ಅವನು ಕಾದು, ಪಕ್ಕಕ್ಕೆ ಕರೆದು, ತನಗೇ ಗೊತ್ತಿಲ್ಲ ಅನ್ನುವ ಹಾಗೆ ಕೇಳಿದ. ಅದೇ ಪುಸ್ತಕದ 18ನೇ ಅಧ್ಯಾಯದಲ್ಲಿ ಅಪೊಲ್ಲೋಸ ಬರುತ್ತಾನೆ. ಅಲೆಕ್ಸಾಂದ್ರಿಯದವನು, ಒಳ್ಳೆಯ ಮಾತುಗಾರ, ಶಾಸ್ತ್ರ ಅರೆದು ಕುಡಿದವನು. ಆದರೆ ಅವನಿಗೆ ಗೊತ್ತಿದ್ದದ್ದು ಯೇಸುಸ್ವಾಮಿಗಿಂತ ಮುಂಚೆ ಬಂದ ಸ್ನಾನಿಕ ಯೋಹಾನನ ದೀಕ್ಷಾಸ್ನಾನದವರೆಗೆ ಮಾತ್ರ. ಅವನು ಎಫೆಸದ ಸಭಾಮಂದಿರದಲ್ಲಿ ಮಾತಾಡಿದ್ದನ್ನು ಪ್ರಿಸ್ಕಿಲ್ಲ, ಅಕ್ವಿಲ ಅನ್ನುವ ಗಂಡ ಹೆಂಡತಿ ಕೇಳಿಸಿಕೊಂಡರು. ಗುಡಾರ ಮಾಡುವ ಕಸುಬಿನವರು. ಎದ್ದು ನಿಂತು ತಪ್ಪು ಅನ್ನಲಿಲ್ಲ. ಅವನನ್ನು ತಮ್ಮ ಜೊತೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿದರು.

ಈ ಕಥೆಯಲ್ಲಿ ಎಲ್ಲರೂ ಪ್ರಿಸ್ಕಿಲ್ಲ ಮತ್ತು ಅಕ್ವಿಲರ ಜಾಣತನವನ್ನು ಮೆಚ್ಚುತ್ತಾರೆ. ನನಗೆ ಈಗ ಅಪೊಲ್ಲೋಸನೇ ದೊಡ್ಡವನಾಗಿ ಕಾಣುತ್ತಾನೆ. ಅಷ್ಟು ಓದಿದವನು, ಜನ ಬಾಯಿಬಿಟ್ಟು ಕೇಳುವಂಥ ಮಾತುಗಾರ, ಗುಡಾರ ಹೊಲಿಯುವವರ ಹಿಂದೆ ಹೋಗಿ ಕೂತು ಕಲಿತನಲ್ಲ! ಅವನು ಮುಖ ಸಿಂಡರಿಸಿಕೊಂಡನೋ, ಮೊದಲು ಒಂದೆರಡು ಮಾತು ವಾದ ಮಾಡಿದನೋ, ಆ ಪುಸ್ತಕ ಬರೆದ ಲೂಕ ಹೇಳಿಲ್ಲ. ನಾನಂತೂ ಒಂದು ವಾರ ಆ ಹುಡುಗನ ಮುಖ ನೋಡಲಿಲ್ಲ. ಮುಂದಿನ ಅಧ್ಯಯನದಲ್ಲಿ, ಹೋದ ವಾರ ಹೇಳಿದ ಕುದುರೆ ಸತ್ಯವೇದದಲ್ಲಿ ಇಲ್ಲ, ನನ್ನ ತಪ್ಪನ್ನು ತೋರಿಸಿದ್ದು ಇವನು ಅಂತ ಹೇಳಬೇಕು ಅಂದುಕೊಂಡು ಹೋದೆ. ಕುದುರೆ ಇಲ್ಲ ಅಂತ ಹೇಳಿದೆ. ತೋರಿಸಿದ್ದು ಯಾರು ಅನ್ನುವುದು ಬಾಯಿಂದ ಹೊರಗೆ ಬರಲಿಲ್ಲ. ಅದನ್ನು ಹೇಳಲು ಇನ್ನೂ ಎರಡು ವಾರ ಹಿಡಿಯಿತು.

ನನ್ನ ಸಭೆಯವರಿಂದ ಕಲಿಯುವುದೇ ಇಷ್ಟು ಕಷ್ಟ ಆದರೆ ಬೇರೆ ಸಭೆಯವರಿಂದ? ನಾವು ಬೆಳೆದ ಕಡೆ ಕಥೋಲಿಕರ ಪ್ರಾರ್ಥನೆ ಬಗ್ಗೆ ಒಂದು ಸಿದ್ಧ ಉತ್ತರ ಇತ್ತು. ಅವರು ಬಾಯಿಪಾಠ ಒಪ್ಪಿಸುತ್ತಾರೆ, ನಾವು ಹೃದಯದಿಂದ ಮಾಡುತ್ತೇವೆ. ಹೇಳಿದ್ದನ್ನೇ ಸುಮ್ಮಸುಮ್ಮನೆ ಹೇಳಬೇಡಿ ಅಂತ ಮತ್ತಾಯ 6ರಲ್ಲೇ ಇದೆಯಲ್ಲ, ಮುಗಿಯಿತು. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಕಥೋಲಿಕರು. ಅವರ ಜೇಬಿನಲ್ಲಿ ಯಾವಾಗಲೂ ಒಂದು ಜಪಮಾಲೆ. ಒಂದು ಸುತ್ತು ಅಂದರೆ 53 ಸಲ ನಮೋ ಮರಿಯಾ, ಅಂದರೆ ಯೇಸುವಿನ ತಾಯಿ ಮರಿಯಳನ್ನು ಕರೆದು ಹೇಳುವ ಪ್ರಾರ್ಥನೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ಅದೇ ಮಾತನ್ನು ಅಷ್ಟು ಸಲ ಹೇಳಿದರೆ ಬೇಸರ ಆಗಲ್ವಾ ಅಂತ. ವಾದಕ್ಕೆ ತಯಾರಾಗಿಯೇ ಕೇಳಿದ್ದೆ.

ಅವರು ವಾದಕ್ಕೆ ಬರಲಿಲ್ಲ. "ಆಗುತ್ತೆ" ಅಂದರು. "ನನ್ನ ಮನಸ್ಸು ಬಹಳ ಓಡುತ್ತೆ. ಓಡಿಹೋದಾಗ ವಾಪಸ್ ಕರೆದುಕೊಂಡು ಬರೋಕೆ ಕೈಯಲ್ಲಿ ಏನಾದ್ರೂ ಇರಬೇಕು ನನಗೆ. ನಿಮಗೆ ಅದು ಬೇಡವೇನೋ."

ಕೊನೆಯ ಮಾತನ್ನು ಅವರು ಹಂಗಿಸಲು ಹೇಳಲಿಲ್ಲ, ನಿಜವಾಗಿಯೂ ಹಾಗಂತ ನಂಬಿದ್ದರು. ಆಂಟಿಯ ಥರವೇ. ಆ ರಾತ್ರಿ ನನ್ನ ಹೃದಯದ ಪ್ರಾರ್ಥನೆಯನ್ನು ನಾನೇ ಗಮನಿಸಿದೆ. "ತಂದೆಯೇ, ಈ ಸಮಯದಲ್ಲಿ ತಂದೆಯೇ, ನಿನ್ನ ಸನ್ನಿಧಿಗೆ ಬರುತ್ತೇವೆ ತಂದೆಯೇ, ಈ ಸಮಯದಲ್ಲಿ..." ನನ್ನದೂ ಜಪವೇ. ಮಣಿ ಇಲ್ಲ ಅಷ್ಟೇ. ಆಮೇಲೆ ಯೇಸುಸ್ವಾಮಿಯನ್ನು ಬಂಧಿಸಿದ ರಾತ್ರಿಯ ಗೆತ್ಸೇಮನೆ ತೋಟ ನೆನಪಾಯಿತು. ಅಲ್ಲಿ ಯೇಸುಸ್ವಾಮಿ ಮೂರನೇ ಸಲವೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದರು ಅಂತ ಮತ್ತಾಯ 26 ಹೇಳುತ್ತದೆ. ಅಲ್ಲಿಗೆ ನನ್ನ ಸಿದ್ಧ ಉತ್ತರದ ಕಥೆ ಮುಗಿಯಿತು. ಮರಿಯಳ ವಿಷಯದಲ್ಲಿ ಅವರ ನಂಬಿಕೆಯನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ, ಅದು ಅವರಿಗೂ ಗೊತ್ತು. ಆದರೆ ದಿನ ತಪ್ಪದೆ ದೇವರ ಎದುರು ಕೂರುವವರು ನಮ್ಮಿಬ್ಬರಲ್ಲಿ ಯಾರು ಅಂತ ಕೇಳಿದರೆ, ನಾನಲ್ಲ.

ಅವರ ಮೂಲಕವೇ ನನಗೆ ಲಿಸ್ಯುವಿನ ತೆರೇಸಾ ಪರಿಚಯ ಆಗಿದ್ದು. ಫ್ರಾನ್ಸಿನ ಕಾರ್ಮೆಲ್ ಮಠಕ್ಕೆ 15ನೇ ವಯಸ್ಸಿಗೆ ಸೇರಿ, 1897ರಲ್ಲಿ, 24ನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡ ಸನ್ಯಾಸಿನಿ. ದೊಡ್ಡ ದೊಡ್ಡ ಪವಾಡಗಳನ್ನು ಓದಲು ಕೂತವನಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಸಂಗತಿ. ಒಗೆಯುವಾಗ ಎದುರಿಗಿದ್ದ ಇನ್ನೊಬ್ಬ ಸನ್ಯಾಸಿನಿ ಕೊಳಕು ನೀರನ್ನು ಇವರ ಮುಖಕ್ಕೆ ಸಿಡಿಸುತ್ತಿದ್ದರಂತೆ, ಬೇಕಂತಲ್ಲ, ಗಮನ ಇಲ್ಲದೆ. ಹಿಂದೆ ಸರಿದು ಮುಖ ಒರೆಸಿಕೊಂಡರೆ ಎದುರಿನವರಿಗೆ ತಿಳಿಯುತ್ತಿತ್ತು. ತೆರೇಸಾ ಸರಿಯಲಿಲ್ಲ, ಒರೆಸಿಕೊಳ್ಳಲೂ ಇಲ್ಲ, ಸಿಡಿದಷ್ಟೂ ಒಳ್ಳೆಯದೇ ಅಂತ ನಿಂತರು. ಇದೇನು ದೊಡ್ಡ ವಿಷಯ ಅಂತ ಮೊದಲು ಅನ್ನಿಸಿತು ನನಗೆ. ಆಮೇಲೆ ಕೂಟದಲ್ಲಿ ಪಕ್ಕದವರು ತಾಳ ತಪ್ಪಿ ಚಪ್ಪಾಳೆ ತಟ್ಟಿದಾಗ ನಾನು ತಿರುಗಿ ನೋಡುವ ನೋಟ ನೆನಪಿಗೆ ಬಂತು.

ಬ್ರದರ್ ಲಾರೆನ್ಸ್ ಅವರದೂ ಅಂಥದ್ದೇ. 17ನೇ ಶತಮಾನದ ಪ್ಯಾರಿಸ್. ಸೈನಿಕರಾಗಿದ್ದು, ಕಾಲಿಗೆ ಪೆಟ್ಟಾಗಿ, ಆಮೇಲೆ ಮಠ ಸೇರಿದವರು. ಅವರಿಗೆ ಕೊಟ್ಟ ಕೆಲಸ ಅಡುಗೆಮನೆಯದು. ಆ ಕೆಲಸ ಅವರಿಗೆ ಸ್ವಭಾವತಃ ಇಷ್ಟವಿರಲಿಲ್ಲ ಅನ್ನುವುದೇ ನನಗೆ ಸಮಾಧಾನ. ಆದರೂ ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಅಂತ ಅವರಿಗೆ ಇರಲಿಲ್ಲ. ಪಾತ್ರೆಗಳ ಸದ್ದಿನ ನಡುವೆ, ಒಬ್ಬರು ಇದು ಕೊಡಿ ಇನ್ನೊಬ್ಬರು ಅದು ಕೊಡಿ ಅಂತ ಕೂಗುವಾಗಲೂ ದೇವರ ಜೊತೆಗೇ ಇರುತ್ತಿದ್ದರು. ವಯಸ್ಸಾದ ಮೇಲೆ ಮಠದವರ ಚಪ್ಪಲಿ ರಿಪೇರಿ ಮಾಡುತ್ತಿದ್ದರು. 1691ರಲ್ಲಿ ತೀರಿಕೊಂಡರು. ಅಷ್ಟೇ ಜೀವನ. ಇವರನ್ನು ಓದಿ ನಾನು ಎರಡು ದಿನ ಪಾತ್ರೆ ತೊಳೆಯುತ್ತಾ ದೇವರ ಧ್ಯಾನ ಮಾಡಿದೆ, ಮೂರನೇ ದಿನ ಫೋನಿನಲ್ಲಿ ಏನೋ ಹಾಕಿಕೊಂಡು ತೊಳೆದೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ದೀನತೆಯ ಹೆಸರಲ್ಲಿ ಸಭೆಗಳಲ್ಲಿ ಸುಳ್ಳೂ ನಡೆಯುತ್ತದೆ. ಕಾಣಿಕೆಯ ಲೆಕ್ಕ ಕೇಳಿದವನಿಗೆ "ತಗ್ಗಿಸಿಕೊಳ್ಳಿ ಬ್ರದರ್" ಅನ್ನುವುದು, ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ "ಸಹಿಸಿಕೊಳ್ಳಮ್ಮ, ದೀನತೆಯಿಂದಿರು" ಅಂತ ಹೇಳಿ ಕಳಿಸುವುದು. ಇದು ದೀನತೆಯಲ್ಲ, ಬಾಯಿ ಮುಚ್ಚಿಸುವುದು. ಯೋಹಾನ 13ರಲ್ಲಿ ಸೊಂಟಕ್ಕೆ ಟವಲು ಕಟ್ಟಿಕೊಂಡು ಕೆಳಗೆ ಬಗ್ಗಿದ್ದು ಯಾರು? ಗುರು. ಶಿಷ್ಯರ ಕೈಗೆ ಬೋಗುಣಿ ಕೊಟ್ಟು ನನ್ನ ಕಾಲು ತೊಳೆಯಿರಿ ಅನ್ನಲಿಲ್ಲ. ಇನ್ನೊಬ್ಬರಿಗೆ ದೀನತೆ ಕಲಿಸುತ್ತೇನೆ ಅಂತ ಹೊರಟವರನ್ನು ಕಂಡರೆ ನಾನು ಸ್ವಲ್ಪ ದೂರವೇ ಇರುತ್ತೇನೆ. ನನಗೆ ಕಲಿಸಿದವರಲ್ಲಿ ಒಬ್ಬರಿಗೂ ತಾವು ಕಲಿಸುತ್ತಿದ್ದೇವೆ ಅಂತ ಗೊತ್ತಿರಲಿಲ್ಲ.

ಹಾಗಂತ ಅವರೆಲ್ಲ ದೇವದೂತರೂ ಅಲ್ಲ. ಅದೇ ಆಂಟಿ ಸಭೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವ ವಿಷಯಕ್ಕೆ ಇನ್ನೊಬ್ಬರ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದರು. ಎರಡು ತಿಂಗಳು! ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ನೋಡಿದ್ರಾ, ಇವರೂ ಇಷ್ಟೇ ಅಂತ. ಆದರೆ ಒಂದು ಭಾನುವಾರ ರೊಟ್ಟಿ ಮುರಿಯುವ ಮುಂಚೆ ಅವರು ಎದ್ದು ಹೋಗಿ ಆ ಇನ್ನೊಬ್ಬರ ಪಕ್ಕ ಕೂತರು. ಏನೋ ಮೆಲ್ಲಗೆ ಹೇಳಿದರು. ಇಬ್ಬರೂ ಅತ್ತರು. ನಾನು ಮಾತು ಬಿಟ್ಟವರ ಪಟ್ಟಿ ಅದಕ್ಕಿಂತ ಹಳೆಯದು. ನಾನು ಕೂತಲ್ಲೇ ಕೂತಿದ್ದೆ.

ಈಜಿಪ್ಟಿನ ಮರುಭೂಮಿಯಲ್ಲಿ 4ನೇ ಶತಮಾನದಲ್ಲಿ ಮೋಶೆ ಅಂತ ಒಬ್ಬ ಸನ್ಯಾಸಿ ಇದ್ದರು. ಮೊದಲು ದರೋಡೆಕೋರ. ತಪ್ಪು ಮಾಡಿದ ಒಬ್ಬ ಸಹೋದರನ ವಿಚಾರಣೆಗೆ ಬನ್ನಿ ಅಂತ ಕರೆದಾಗ ಅವರು ತೂತು ಬಿದ್ದ ಕೊಡದಲ್ಲಿ ನೀರು ತುಂಬಿ, ಬೆನ್ನ ಹಿಂದೆ ಸೋರಿಸಿಕೊಂಡು ಹೋದರಂತೆ. ಇದೇನು ಅಂತ ಕೇಳಿದವರಿಗೆ, ನನ್ನ ಪಾಪಗಳು ಹೀಗೆ ಹಿಂದೆ ಸುರಿಯುತ್ತಿವೆ, ನನಗೆ ಕಾಣುತ್ತಿಲ್ಲ, ಇನ್ನೊಬ್ಬನ ತಪ್ಪು ತೀರ್ಮಾನಿಸಲು ಬಂದಿದ್ದೇನೆ ಅಂದರಂತೆ. ವಿಚಾರಣೆ ಅಲ್ಲಿಗೆ ನಿಂತಿತು, ಅವನನ್ನು ಕ್ಷಮಿಸಿದರು. ಬೀಗದ ಕೈ ಜಗಳ ನೋಡಿ ಖುಷಿಪಟ್ಟ ಆ ಎರಡು ತಿಂಗಳು ನನ್ನ ಕೊಡ ಎಷ್ಟು ಸೋರಿತೋ.

ಹೋದ ತಿಂಗಳು ಮತ್ತೆ ಪಾಸ್ಟರ್ ನನ್ನ ಕಡೆ ನೋಡಿದರು. ಈ ಸಲ ನಾನು ಚಿಕ್ಕದಾಗಿ ಮಾಡಿದೆ. ಬಹಳ ಚಿಕ್ಕದು, ನಾಲ್ಕೇ ವಾಕ್ಯ. ಕೂತ ತಕ್ಷಣ ಮನಸ್ಸಿನಲ್ಲಿ ಬಂದ ಮೊದಲ ಯೋಚನೆ, ಎಷ್ಟು ಚಿಕ್ಕದಾಗಿ ಮಾಡಿದೆ ಅಂತ ಯಾರಾದರೂ ಗಮನಿಸಿದರಾ ಅನ್ನುವುದು. ನಗು ಬಂತು. ಪಕ್ಕದವರು ಪವಿತ್ರಾತ್ಮನ ಆನಂದ ಅಂದುಕೊಂಡಿರಬೇಕು.

ಕೂಟ ಮುಗಿದ ಮೇಲೆ ಆಂಟಿಯ ಹತ್ತಿರ ಹೋಗಿ, ಇವತ್ತು ರಾತ್ರಿ ಅಣ್ಣಾವ್ರ ಹತ್ತಿರ ನಾನು ಇರುತ್ತೇನೆ, ನೀವು ಮನೆಗೆ ಹೋಗಿ ಅಂದೆ. ಅವರು ನನ್ನನ್ನು ಹೊಗಳಲಿಲ್ಲ. ಆ ಹೊತ್ತಿಗೂ ನಾನು ಅದನ್ನೇ ಕಾಯುತ್ತಿದ್ದೆ. "ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು ಬ್ರದರ್" ಅಂದರು. "ಎಳೀಬೇಡಿ, ಚರ್ಮ ಸುಲಿಯುತ್ತೆ. ಕೆಳಗೆ ಕೈ ಕೊಟ್ಟು ಎತ್ತಿ. ಬೆಡ್‌ಶೀಟ್ ಸುಕ್ಕಾಗಿದ್ರೆ ಸರಿ ಮಾಡಿ, ಅದೂ ಒತ್ತುತ್ತೆ."

ಹೋದೆ. ದೀಪ ಸಣ್ಣದು ಮಾಡಿ, ಹಾಸಿಗೆ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಆ ಹಿರಿಯರು ಕಣ್ಣು ಬಿಟ್ಟು ಯಾರು ಅಂತ ಕೇಳಿದರು. ಹೆಸರು ಹೇಳಿ, ಅಣ್ಣಾ, ಪ್ರಾರ್ಥನೆ ಮಾಡಲಾ ಅಂದೆ.

"ಮೊದ್ಲು ಆ ಕಡೆಗೆ ತಿರುಗಿಸಪ್ಪಾ" ಅಂದರು.